ಗುಪ್ತ ಸಂಖ್ಯೆ ಯಾರ ಕೈಯಲ್ಲಿ?

ಒಂದು ಸಮಾಜವು ಅಂಗವೈಕಲ್ಯವಿರುವ ತನ್ನ ಸದಸ್ಯರನ್ನು ಎಷ್ಟರಮಟ್ಟಿಗೆ ತನ್ನವರೆಂದು ಭಾವಿಸಿದೆ ಎಂಬುದನ್ನು ತಿಳಿಯಲು ಹಿಂದೆ ಅದರ ಕಟ್ಟಡಗಳ ಮೆಟ್ಟಿಲುಗಳನ್ನು ನೋಡಿದರೆ ಸಾಕಾಗುತ್ತಿತ್ತು. ಬ್ಯಾಂಕಿನ ಬಾಗಿಲಲ್ಲಿ ಗಾಲಿಕುರ್ಚಿ ಏರಲು ಇಳಿಜಾರು ದಾರಿ ಇದೆಯೇ, ಬಸ್ಸಿನ ಮೆಟ್ಟಿಲು ಹತ್ತುವಂತಿದೆಯೇ ಎಂದು ಕಣ್ಣಾರೆ ಕಂಡು ಹೇಳಬಹುದಾಗಿತ್ತು. ಇಂದು ಬ್ಯಾಂಕು, ರೈಲ್ವೆ ಟಿಕೇಟಿನ ಕಿಟಕಿ, ಸರ್ಕಾರಿ ಕಚೇರಿಯ ಅರ್ಜಿ, ವೈದ್ಯರ ಭೇಟಿಯ ಸಮಯ ಎಲ್ಲವೂ ಅಂಗೈಯಗಲದ ಫೋನಿನ ಪರದೆಯೊಳಗೆ ಬಂದು ಕುಳಿತಿವೆ. ಅವುಗಳೊಂದಿಗೆ ಮೆಟ್ಟಿಲುಗಳೂ ಬಂದಿವೆ. ಆದರೆ ಪರದೆಯೊಳಗಿನ ಮೆಟ್ಟಿಲುಗಳು ಸರಾಗವಾಗಿ ನಡೆಯುವವರ ಕಣ್ಣಿಗೆ ಕಾಣುವುದಿಲ್ಲ. ಎಡವಿದವರಿಗೆ ಮಾತ್ರ ಅವು ಇರುವುದು ಗೊತ್ತಾಗುತ್ತದೆ.

'ಡಿಜಿಟಲ್ ಒಳಗೊಳ್ಳುವಿಕೆ' ಎಂಬ ಮಾತು ಈಗ ಸರ್ಕಾರದ ಕಡತಗಳಲ್ಲೂ ವೇದಿಕೆಗಳ ಭಾಷಣಗಳಲ್ಲೂ ಧಾರಾಳವಾಗಿ ಕೇಳಿಬರುತ್ತಿದೆ. ಎಷ್ಟು ಜನರ ಕೈಗೆ ಸ್ಮಾರ್ಟ್ ಫೋನ್ ಬಂದಿದೆ, ಎಷ್ಟು ಹಳ್ಳಿಗಳಿಗೆ ಇಂಟರ್ನೆಟ್ ತಲುಪಿದೆ ಎಂಬ ಲೆಕ್ಕದಿಂದ ಅದನ್ನು ಅಳೆಯಲಾಗುತ್ತಿದೆ. ಅಂಗವಿಕಲರ ವಿಷಯದಲ್ಲಿ ಈ ಅಳತೆಗೋಲು ಸಾಲದು ಎಂಬುದು ಈ ಲೇಖನದ ವಾದ. ಅವರ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಸರಳವಾದುದು. ಒಬ್ಬ ಅಂಧ ವ್ಯಕ್ತಿ ತನ್ನ ಖಾತೆಯಿಂದ ನೂರು ರೂಪಾಯಿ ಕಳುಹಿಸಬೇಕಾದಾಗ ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ಮುಗಿಸಬಲ್ಲನೇ? ತನ್ನ ಗುಪ್ತ ಸಂಖ್ಯೆಯನ್ನು ಇನ್ನೊಬ್ಬರ ಕಿವಿಗೆ ಹಾಕದೆ ಮುಗಿಸಬಲ್ಲನೇ? ಹೌದು ಎಂದಾದರೆ ಅವನು ಒಳಗಿದ್ದಾನೆ. ಇಲ್ಲವೆಂದಾದರೆ, ಎಷ್ಟೇ ದುಬಾರಿಯ ಫೋನು ಅವನ ಜೇಬಿನಲ್ಲಿದ್ದರೂ ಅವನು ಹೊರಗೇ ನಿಂತಿದ್ದಾನೆ.

ಫೋನು ತಂದ ಭಾಗ್ಯ

ದೋಷವನ್ನು ಹೇಳುವ ಮೊದಲು ಗುಣವನ್ನು ಹೇಳುವುದು ನ್ಯಾಯ. ಅಂಗವಿಕಲರ ಬದುಕಿನಲ್ಲಿ ಸ್ಮಾರ್ಟ್ ಫೋನ್ ತಂದಿರುವ ಬದಲಾವಣೆ ಸಾಮಾನ್ಯವಾದುದಲ್ಲ. ಗಾಜಿನ ನುಣುಪು ಪರದೆ ಬಂದಾಗ ಅಂಧರ ಪಾಲಿಗೆ ಫೋನಿನ ಕಾಲವೇ ಮುಗಿಯಿತೆಂದು ಭಯಪಟ್ಟವರಿದ್ದರು. ತಡವಿ ಗುರುತಿಸಬಹುದಾದ ಗುಂಡಿಗಳೇ ಅದರಲ್ಲಿರಲಿಲ್ಲ. ಆದರೆ 2009ರಲ್ಲಿ ಐಫೋನಿಗೆ 'ವಾಯ್ಸ್‌ಓವರ್' ಎಂಬ ಸೌಲಭ್ಯ ಬಂತು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ 'ಟಾಕ್‌ಬ್ಯಾಕ್' ಬಂತು. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿ ಏನಿದೆ ಎಂಬುದನ್ನು ಫೋನೇ ಓದಿ ಹೇಳುತ್ತದೆ. ಬೇಕಾದುದು ಸಿಕ್ಕಾಗ ಎರಡು ಬಾರಿ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಅದಕ್ಕೆ ಹಿಂದೆ ಇಂಥ ತಂತ್ರಾಂಶಗಳನ್ನು ದುಬಾರಿ ಬೆಲೆ ತೆತ್ತು ಪ್ರತ್ಯೇಕವಾಗಿ ಕೊಳ್ಳಬೇಕಾಗಿತ್ತು. ಈಗ ಅದು ಫೋನಿನೊಳಗೇ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿ ಓದಿ ಹೇಳುವ ಧ್ವನಿಯೂ ಇದೆ.

ಕಿವಿ ಕೇಳಿಸದವರಿಗೆ ಫೋನು ಎಂಬುದೇ ಒಂದು ಕಾಲದಲ್ಲಿ ಅಣಕದಂತಿತ್ತು. ಇಂದು ದೂರದ ಊರಿನಲ್ಲಿರುವ ಗೆಳೆಯನೊಂದಿಗೆ ವೀಡಿಯೊ ಕರೆಯಲ್ಲಿ ಸಂಜ್ಞಾಭಾಷೆಯ ಮೂಲಕ ಗಂಟೆಗಟ್ಟಲೆ ಮಾತನಾಡುವುದು ಅವರಿಗೆ ಸಾಧ್ಯವಾಗಿದೆ. ಎದುರಿಗಿರುವವರ ಮಾತನ್ನು ಅಕ್ಷರವಾಗಿ ಮೂಡಿಸುವ ತಂತ್ರಾಂಶಗಳು ಬಂದಿವೆ. ಕೈ ಅಲುಗಿಸಲಾಗದವರು ಮಾತಿನಿಂದಲೇ ಫೋನನ್ನು ನಡೆಸಬಹುದಾಗಿದೆ. ನೋಟಿನ ಮೌಲ್ಯವನ್ನು ಕ್ಯಾಮೆರಾದಿಂದ ಗುರುತಿಸಿ ಹೇಳುವ 'ಮಣಿ' ಎಂಬ ಆ್ಯಪ್ ಅನ್ನು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರತಂದಿತು. ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳಲು ಪಕ್ಕದವರನ್ನು ಕೇಳಬೇಕಾದ ಸಂಕೋಚವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಯಂತ್ರವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ ಎಂದಾಯಿತು. ಉಳಿದದ್ದು ಆ ಯಂತ್ರದೊಳಗೆ ಸೇವೆಗಳನ್ನು ಇಡುವ ಮನುಷ್ಯರ ಪಾಲು. ಕೊರತೆ ಇರುವುದು ಅಲ್ಲಿಯೇ.

ಎಣಿಕೆಗೆ ಸಿಕ್ಕವರು

2011ರ ಜನಗಣತಿಯು ದೇಶದಲ್ಲಿ ಸುಮಾರು 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ದೇಶದ ಒಟ್ಟು ಜನಸಂಖ್ಯೆಯಲ್ಲಿ ಇದು ಶೇಕಡ 2.21 ಮಾತ್ರ. ಆದರೆ ಆ ಗಣತಿ ಎಂಟು ಬಗೆಯ ವೈಕಲ್ಯಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನರಲ್ಲಿ ಶೇಕಡ 16ರಷ್ಟು ಮಂದಿ ಗಣನೀಯ ಅಂಗವೈಕಲ್ಯವನ್ನು ಅನುಭವಿಸುತ್ತಿದ್ದಾರೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿದರೆ, ನಮ್ಮ ಎಣಿಕೆಗೆ ಸಿಗದೆ ಹೋದವರು ಎಷ್ಟು ಮಂದಿ ಎಂಬ ಯೋಚನೆ ಬಾರದಿರದು.

ಮತ್ತೊಂದು ಸಂಗತಿಯನ್ನು ಗಮನಿಸಬೇಕು. 2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಏಳು ವರ್ಷಕ್ಕೆ ಮೇಲ್ಪಟ್ಟ ಅಂಗವಿಕಲರಲ್ಲಿ ಅಕ್ಷರಸ್ಥರು ಶೇಕಡ 52ರಷ್ಟು ಮಾತ್ರ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಕಣ್ಣು ಚೆನ್ನಾಗಿದ್ದರೂ, ಪರದೆಯ ಮೇಲಿನ ಅಕ್ಷರ ಅಕ್ಷರವೇ ಅಲ್ಲ. ಅಂಧರಿಗಾಗಿ ಮಾಡುವ ಧ್ವನಿಯ ವ್ಯವಸ್ಥೆ ಇವರಿಗೂ ನೆರವಾಗುತ್ತದೆ. ಅದು ವಯಸ್ಸಾದ ನಮ್ಮ ತಂದೆ ತಾಯಂದಿರಿಗೂ ಬೇಕಾಗುತ್ತದೆ. ಆದ್ದರಿಂದ ಇದನ್ನು ಕೆಲವೇ ಮಂದಿಯ ಸಮಸ್ಯೆ ಎಂದು ಬದಿಗಿಡುವಂತಿಲ್ಲ.

ಬಾಗಿಲು ಮುಚ್ಚುವ ಬಗೆ

ಅಂಧ ವ್ಯಕ್ತಿಯೊಬ್ಬ ಆ್ಯಪ್ ಒಂದನ್ನು ತೆರೆದಾಗ ಏನಾಗುತ್ತದೆ? ಪರದೆಯ ಮೇಲಿನ ಪ್ರತಿಯೊಂದು ಚಿಹ್ನೆಗೂ ಅದನ್ನು ತಯಾರಿಸಿದವರು ಒಂದು ಹೆಸರನ್ನು ಬರೆದಿಡಬೇಕು. ಆ ಹೆಸರು ಕಣ್ಣಿಗೆ ಕಾಣುವುದಿಲ್ಲ. ಓದಿ ಹೇಳುವ ತಂತ್ರಾಂಶಕ್ಕೆ ಮಾತ್ರ ಅದು ಸಿಗುತ್ತದೆ. ಹೆಸರು ಬರೆಯದೆ ಬಿಟ್ಟರೆ ಫೋನು 'ಬಟನ್', 'ಬಟನ್', 'ಬಟನ್' ಎಂದಷ್ಟೇ ಹೇಳುತ್ತಾ ಹೋಗುತ್ತದೆ. ಯಾವುದು ಹಣ ಕಳುಹಿಸುವ ಗುಂಡಿ, ಯಾವುದು ರದ್ದುಮಾಡುವ ಗುಂಡಿ? ಊಹಿಸಿ ಒತ್ತಬೇಕು. ಹೆಸರು ಬರೆಯಲು ತಂತ್ರಜ್ಞನಿಗೆ ಬೇಕಾದುದು ಕೆಲವು ನಿಮಿಷ ಮಾತ್ರ. ಆ ನಿಮಿಷಗಳನ್ನು ಉಳಿಸಿದವನಿಗೆ ತನ್ನ ಉಳಿತಾಯದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದು ತಿಳಿಯುವುದೇ ಇಲ್ಲ.

ಮುಂದಿನ ಅಡ್ಡಿ 'ಕ್ಯಾಪ್ಚಾ'. ಸೊಟ್ಟಪಟ್ಟ ಅಕ್ಷರಗಳ ಚಿತ್ರವೊಂದನ್ನು ತೋರಿಸಿ, ಇದನ್ನು ಓದಿ ಬರೆದರೆ ನೀನು ಮನುಷ್ಯನೆಂದು ನಂಬುತ್ತೇನೆ ಎನ್ನುತ್ತದೆ ಯಂತ್ರ. ಓದುವ ಕಣ್ಣಿಲ್ಲದವನು ಯಂತ್ರದ ದೃಷ್ಟಿಯಲ್ಲಿ ಮನುಷ್ಯನೇ ಅಲ್ಲ! ಅನಂತರ ಬರುವುದು ಒಟಿಪಿ. ಆರು ಅಂಕಿಗಳನ್ನು ಸಂದೇಶಪೆಟ್ಟಿಗೆಯಲ್ಲಿ ಹುಡುಕಿ, ಕೇಳಿ, ನೆನಪಿಟ್ಟು, ಮರಳಿ ಬಂದು, ಒಂದೊಂದಾಗಿ ಒತ್ತಿ ಮುಗಿಸುವಷ್ಟರಲ್ಲಿ ಕಾಲಾವಧಿ ಮುಗಿದಿರುತ್ತದೆ. ಇತ್ತ ಕಿವಿ ಕೇಳಿಸದ ಗ್ರಾಹಕನಿಗೆ, ನಿಮ್ಮ ಗುರುತನ್ನು ಖಚಿತಪಡಿಸಿಕೊಳ್ಳಲು ನಮ್ಮ ಪ್ರತಿನಿಧಿ ಕರೆಮಾಡಿ ಮಾತನಾಡುತ್ತಾರೆ ಎಂಬ ಸಂದೇಶ ಬರುತ್ತದೆ.

ಇದರ ಪರಿಣಾಮ ಕೇವಲ ಅನಾನುಕೂಲ ಎಂದು ತಿಳಿಯಬಾರದು. 2021ರಲ್ಲಿ ಕೊರೊನಾ ಎರಡನೆಯ ಅಲೆ ಸಾವುನೋವು ತರುತ್ತಿದ್ದಾಗ 18ರಿಂದ 44 ವರ್ಷದವರು ಲಸಿಕೆಗಾಗಿ 'ಕೋವಿನ್' ಜಾಲತಾಣದಲ್ಲಿ ಮುಂಗಡ ನೋಂದಣಿ ಮಾಡಿಕೊಳ್ಳಬೇಕಾಗಿತ್ತು. ಆ ತಾಣ ದೃಷ್ಟಿಹೀನರಿಗೆ ಸುಲಭವಾಗಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಆ ವರ್ಷದ ಮೇ 31ರ ಆದೇಶದಲ್ಲಿ ಎತ್ತಿ ತೋರಿಸಬೇಕಾಯಿತು. ಅದೇ ವರ್ಷದ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಆನ್‌ಲೈನ್ ಮೂಲಕವೇ ನೀಡಬೇಕೆಂಬ ನಿಯಮ ಜಾರಿಗೆ ಬಂದಿತು. ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ತಪ್ಪಿಸುವ ಸದುದ್ದೇಶ ಅದರಲ್ಲಿದೆ, ನಿಜ. ಆದರೆ ತನಗೆ ಕಣ್ಣು ಕಾಣುವುದಿಲ್ಲ ಎಂದು ಪ್ರಮಾಣೀಕರಿಸಿಕೊಳ್ಳಲು ಪರದೆಯ ಮೇಲಿನ ನಮೂನೆಯನ್ನು ತುಂಬಬೇಕೆಂಬುದರಲ್ಲಿ ವಿಪರ್ಯಾಸವಿಲ್ಲದಿಲ್ಲ.

ಎರಡು ತೀರ್ಪುಗಳು

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇತ್ತೀಚೆಗೆ ನೀಡಿದ ಎರಡು ತೀರ್ಪುಗಳು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದವು. ಮೊದಲನೆಯದು ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ಬಂದದ್ದು. 2016ರ ಕಾಯ್ದೆ, ಎಲ್ಲರೂ ಬಳಸಬಹುದಾದಂತೆ ಸೌಲಭ್ಯಗಳನ್ನು ರೂಪಿಸಬೇಕು ಎಂದು ಕಡ್ಡಾಯಪಡಿಸಿತ್ತು. ಆದರೆ ಅದರಡಿ 2017ರಲ್ಲಿ ಮಾಡಿದ ನಿಯಮಗಳು ಕೇವಲ ಮಾರ್ಗಸೂಚಿಗಳನ್ನು ಕೊಟ್ಟು, ಪಾಲಿಸಿದರೆ ಒಳ್ಳೆಯದು ಎಂಬ ಧಾಟಿಯಲ್ಲಿದ್ದವು. ಕಾಯ್ದೆ ಕಡ್ಡಾಯವೆಂದುದನ್ನು ನಿಯಮ ಐಚ್ಛಿಕವಾಗಿಸುವಂತಿಲ್ಲ ಎಂದು ಹೇಳಿದ ನ್ಯಾಯಾಲಯ, 15ನೇ ನಿಯಮದ ಆ ಭಾಗವನ್ನು ಕಾಯ್ದೆಗೆ ವಿರುದ್ಧವೆಂದು ಘೋಷಿಸಿತು. ಕಡ್ಡಾಯ ನಿಯಮಗಳನ್ನು ರೂಪಿಸಲು ಸರ್ಕಾರಕ್ಕೆ ಮೂರು ತಿಂಗಳ ಗಡುವು ನೀಡಿತು.

ಎರಡನೆಯದು 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ನೀಡಿದ ತೀರ್ಪು. ಅರ್ಜಿದಾರರಲ್ಲಿ ಪ್ರಜ್ಞಾ ಪ್ರಸೂನ್ ಆ್ಯಸಿಡ್ ದಾಳಿಯಿಂದ ಬದುಕುಳಿದವರು. ಅಮರ್ ಜೈನ್ ಪೂರ್ಣ ಅಂಧರು. ಬ್ಯಾಂಕ್ ಖಾತೆ ತೆರೆಯುವಾಗ, ಎದುರಿಗಿರುವವರು ಜೀವಂತ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸುವಂತೆ ಕೇಳಲಾಗುತ್ತದೆ. ಆ್ಯಸಿಡ್‌ನಿಂದ ರೆಪ್ಪೆಗಳೇ ಸುಟ್ಟುಹೋದವರು ಕಣ್ಣನ್ನು ಮಿಟುಕಿಸುವುದು ಹೇಗೆ? ಜೀವಂತವಾಗಿ ಕೌಂಟರಿನ ಮುಂದೆ ನಿಂತಿರುವ ಹೆಣ್ಣುಮಗಳಿಗೆ ತಾನು ಜೀವಂತಳೆಂದು ಸಾಬೀತುಪಡಿಸುವ ದಾರಿ ಇಲ್ಲವಾಯಿತು. ದಾಳಿ ಮಾಡಿದವನು ಆಕೆಯ ಮುಖವನ್ನು ಕಸಿದುಕೊಂಡ. ಇನ್ನೊಂದು ಬಗೆಯ ಮುಖವನ್ನು ಊಹಿಸಲೂ ಆಗದ ವ್ಯವಸ್ಥೆ ಆಕೆಯ ನಾಗರಿಕ ಹಕ್ಕನ್ನೂ ಕಸಿದುಕೊಂಡಿತು.

ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೇ ಆಗಿದೆ ಎಂದು ಪೀಠ ಸ್ಪಷ್ಟವಾಗಿ ಹೇಳಿ, 20 ನಿರ್ದೇಶನಗಳನ್ನು ನೀಡಿತು. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ವಿಧಾನಗಳಿರಬೇಕು, ಹೆಬ್ಬೆಟ್ಟಿನ ಗುರುತನ್ನು ಒಪ್ಪಬೇಕು, ತಿರಸ್ಕೃತವಾದ ಅರ್ಜಿಗಳನ್ನು ಮನುಷ್ಯರೇ ಮರಳಿ ಪರಿಶೀಲಿಸಬೇಕು, ಸಂಸ್ಥೆಗಳ ಜಾಲತಾಣ ಮತ್ತು ಆ್ಯಪ್‌ಗಳು ಕಾಲಕಾಲಕ್ಕೆ ತಪಾಸಣೆಗೊಳಗಾಗಬೇಕು ಎಂಬವು ಅವುಗಳಲ್ಲಿ ಕೆಲವು. ಆ್ಯಪ್ ಅನ್ನು ಬಿಡುಗಡೆ ಮಾಡುವ ಮೊದಲು ನಡೆಸುವ ಪರೀಕ್ಷೆಯಲ್ಲಿ ಅಂಧರನ್ನೂ ಸೇರಿಸಿಕೊಳ್ಳಬೇಕೆಂಬ ಮಾತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಚಪ್ಪಲಿ ಹೊಲಿಯುವವನು ಕಾಲಿನ ಅಳತೆಯನ್ನು ಮೊದಲು ತೆಗೆದುಕೊಳ್ಳುತ್ತಾನೆ. ಈ ಸಾಮಾನ್ಯ ವಿವೇಕವನ್ನು ನ್ಯಾಯಾಲಯ ಆದೇಶದ ಮೂಲಕ ಹೇಳಬೇಕಾಯಿತು.

ಈ ತೀರ್ಪುಗಳನ್ನು ಮೆಚ್ಚುತ್ತಲೇ ಅವುಗಳ ಮಿತಿಯನ್ನೂ ಕಾಣಬೇಕು. ಒಂದು ಅರ್ಜಿ 2005ರಿಂದ 2024ರವರೆಗೆ ನ್ಯಾಯಾಲಯದಲ್ಲಿತ್ತು. ಆ 19 ವರ್ಷಗಳಲ್ಲಿ ಗುಂಡಿಯಿದ್ದ ಫೋನು ಹೋಗಿ, ಸ್ಮಾರ್ಟ್ ಫೋನ್ ಬಂದು, ಹಣವೇ ಫೋನಿನೊಳಗೆ ಸೇರಿಕೊಂಡಿತು. ತಂತ್ರಜ್ಞಾನ ಓಡುತ್ತಿರುವಾಗ ನ್ಯಾಯ ನಡೆದು ಬರುತ್ತದೆ. 2016ರ ಕಾಯ್ದೆಯ 89ನೇ ಕಲಮಿನಂತೆ ಮೊದಲ ಉಲ್ಲಂಘನೆಗೆ ವಿಧಿಸಬಹುದಾದ ದಂಡ ಹತ್ತು ಸಾವಿರ ರೂಪಾಯಿಯನ್ನು ಮೀರುವುದಿಲ್ಲ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗೆ ಈ ಮೊತ್ತ ದಂಡವೂ ಅಲ್ಲ, ಎಚ್ಚರಿಕೆಯೂ ಅಲ್ಲ.

ನಮ್ಮ ಸಾರ್ವಜನಿಕ ಜೀವನದ ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅಂಗವಿಕಲರು ಎಂಬ ಪದ ವಿಕಲಚೇತನರು ಎಂದಾಯಿತು, ವಿಶೇಷಚೇತನರು ಎಂದಾಯಿತು, ದಿವ್ಯಾಂಗರು ಎಂದಾಯಿತು. ಗೌರವದ ಹೆಸರಿನಿಂದ ಕರೆಯುವುದು ಒಳ್ಳೆಯದೇ. ಆದರೆ ಹೆಸರಿಲ್ಲದ ಗುಂಡಿಗಳ ಆ್ಯಪ್ ಒಂದನ್ನು ಕೈಗಿತ್ತು ನಿಮ್ಮಲ್ಲಿ ದಿವ್ಯತೆಯಿದೆ ಎಂದು ಹೊಗಳಿದರೆ ಆ ಮಾತಿಗೆ ತೂಕವೆಲ್ಲಿ?

ಭದ್ರತೆಯ ವಾದ

ಬ್ಯಾಂಕುಗಳ ಪರವಾಗಿ ಒಂದು ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರದೆಯನ್ನು ಓದುವ ಅನುಮತಿಯನ್ನು ಬಳಸಿಕೊಂಡು ವಂಚಕರು ಜನರ ಗುಪ್ತ ಮಾಹಿತಿಯನ್ನು ಕದ್ದ ಪ್ರಸಂಗಗಳಿವೆ. ಆ ಭಯದಿಂದ ಕೆಲವು ಆ್ಯಪ್‌ಗಳು ಇಂಥ ಅನುಮತಿ ಚಾಲೂ ಇದ್ದರೆ ಕೆಲಸ ಮಾಡಲು ನಿರಾಕರಿಸುತ್ತವೆ. ಅಂಕಿಗಳ ಸ್ಥಾನವನ್ನು ಪ್ರತಿಸಲವೂ ಅದಲುಬದಲು ಮಾಡುವ, ಧ್ವನಿಯೇ ಹೊರಡಿಸದ ಕೀಲಿಮಣೆಗಳೂ ಇವೆ. ಉದ್ದೇಶ ರಕ್ಷಣೆಯೇ.

ಆದರೆ ಇದರ ಫಲವೇನು? ತಾನಾಗಿ ಪಿನ್ ಒತ್ತಲಾಗದ ವ್ಯಕ್ತಿ ಅದನ್ನು ಪಕ್ಕದ ಮನೆಯವರಿಗೋ, ಅಂಗಡಿಯ ಹುಡುಗನಿಗೋ, ಸೇವಾಕೇಂದ್ರದ ಸಿಬ್ಬಂದಿಗೋ ಹೇಳಿ ಒತ್ತಿಸಿಕೊಳ್ಳುತ್ತಾನೆ. ನಿಮ್ಮ ಪಿನ್ ಯಾರಿಗೂ ಹೇಳಬೇಡಿ ಎಂದು ದಿನವೂ ಸಂದೇಶ ಕಳುಹಿಸುವ ವ್ಯವಸ್ಥೆಯೇ ಅದನ್ನು ಹೇಳದೆ ಗತ್ಯಂತರವಿಲ್ಲದಂತೆ ಮಾಡಿದೆ. ಹೀಗಿರುವಾಗ ಭದ್ರತೆ ಯಾರಿಗೆ ದೊರೆಯಿತು? ಕಣ್ಣಿರುವವರ ಹಣಕ್ಕೆ ಬೀಗ ಹಾಕುವಾಗ ಕಣ್ಣಿಲ್ಲದವರ ಕೀಲಿಯನ್ನು ಬೀದಿಯಲ್ಲಿಟ್ಟಂತಾಗಿದೆ. ಫೋನಿನೊಂದಿಗೇ ಬರುವ, ನಂಬಿಕೆಗೆ ಅರ್ಹವಾದ ಓದುವ ತಂತ್ರಾಂಶವನ್ನು ಗುರುತಿಸಿ ಅದಕ್ಕೆ ಮಾತ್ರ ಅವಕಾಶ ಕೊಡುವುದು ಅಸಾಧ್ಯವೇನಲ್ಲ. ಹಾಗೆ ಮಾಡುವ ಆ್ಯಪ್‌ಗಳು ಇರುವುದರಿಂದಲೇ ಅನೇಕ ಅಂಧರು ಇಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರ ಹಂಗೂ ಇಲ್ಲದೆ ಹಣ ಪಾವತಿ ಮಾಡುತ್ತಿದ್ದಾರೆ.

ಕನ್ನಡದ ಅಕ್ಷರಗಳು

ಬ್ಯಾಂಕು, ಸರ್ಕಾರಗಳನ್ನು ಟೀಕಿಸುವಾಗ ನಮ್ಮ ಕನ್ನಡದ ಅಂಗಳದಲ್ಲಿರುವ ಮೆಟ್ಟಿಲನ್ನು ಮರೆಯಬಾರದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಎರಡು ಕ್ರಮಗಳಿವೆ. ಹಳೆಯ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗುತ್ತದೆ. ಕಣ್ಣಿಗೆ ಅದು ಅಚ್ಚ ಕನ್ನಡವಾಗಿ ಕಾಣುತ್ತದೆ. ಆದರೆ ಯಂತ್ರದ ಪಾಲಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಓದಿ ಹೇಳುವ ತಂತ್ರಾಂಶ ಅದನ್ನು ಓದತೊಡಗಿದರೆ ಅರ್ಥವಿಲ್ಲದ ಸದ್ದು ಮಾತ್ರ ಹೊರಡುತ್ತದೆ. ಎರಡನೆಯದು ಯೂನಿಕೋಡ್. ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಟ್ಟಿರುವ ಈ ಕ್ರಮದಲ್ಲಿ ಬರೆದುದನ್ನು ಫೋನು ಸರಿಯಾಗಿ ಓದಬಲ್ಲದು. 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಹೀಗಿದ್ದರೂ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪುಸ್ತಕ, ಪತ್ರಿಕೆ, ಸುತ್ತೋಲೆಗಳ ದೊಡ್ಡ ರಾಶಿಯೇ ನಮ್ಮಲ್ಲಿದೆ. ಕನ್ನಡದ ಅಂಧ ಓದುಗನ ಪಾಲಿಗೆ ಅವೆಲ್ಲ ಮುಚ್ಚಿದ ಪುಸ್ತಕಗಳೇ.

ಇನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳನ್ನು ನೋಡೋಣ. ಧರ್ಮಕೇಂದ್ರದ ಪ್ರಕಟಣೆ, ಪೂಜೆಯ ಸಮಯದ ಬದಲಾವಣೆ, ಮರಣದ ಸುದ್ದಿ, ಮದುವೆಯ ಕರೆಯೋಲೆ ಎಲ್ಲವೂ ಬಣ್ಣದ ಚಿತ್ರವಾಗಿ ಬರುತ್ತವೆ. ಅಂಧ ಸದಸ್ಯನ ಫೋನು ಅದನ್ನು 'ಫೋಟೊ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಚಿತ್ರದಿಂದ ಅಕ್ಷರವನ್ನು ಹೆಕ್ಕಿ ಓದುವ ತಂತ್ರಾಂಶಗಳಿವೆಯಾದರೂ, ಅಲಂಕಾರದ ಅಕ್ಷರ, ಹೂಬಳ್ಳಿಯ ಹಿನ್ನೆಲೆಗಳ ನಡುವೆ ಅವು ಎಡವುತ್ತವೆ. ಇಡೀ ಊರಿಗೆ ತಿಳಿದ ಸಾವಿನ ಸುದ್ದಿ ಅವನಿಗೆ ಮಾತ್ರ ಮರುದಿನ ತಿಳಿಯುತ್ತದೆ. ಚಿತ್ರದ ಕೆಳಗೆ ಅದೇ ಮಾತನ್ನು ಎರಡು ಸಾಲುಗಳಲ್ಲಿ ಬರೆದರೆ ಅವನೂ ಅಂತ್ಯಕ್ರಿಯೆಗೆ ಬರಬಹುದಾಗಿತ್ತು. ಇದಕ್ಕೆ ಕಾಯ್ದೆಯೂ ಬೇಕಿಲ್ಲ, ಹಣವೂ ಬೇಕಿಲ್ಲ.

ಮನೆಯೊಳಗೆ

ಕೊನೆಯದಾಗಿ, ಯಾವ ತೀರ್ಪೂ ತಲುಪಲಾಗದ ಒಂದು ಸ್ಥಳವಿದೆ. ಅದು ಮನೆ. ಅಂಗವಿಕಲರನ್ನು ಪ್ರೀತಿಯಿಂದ ಸಾಕುವ ಕುಟುಂಬಗಳಲ್ಲೇ ಅವರ ಫೋನು ಇನ್ನೊಬ್ಬರ ವಶದಲ್ಲಿರುವುದುಂಟು. ಪಿಂಚಣಿ ಬಂದ ಸಂದೇಶವನ್ನು ಅಣ್ಣ ನೋಡುತ್ತಾನೆ. ಸ್ನೇಹಿತೆ ಕಳುಹಿಸಿದ ಸಂದೇಶವನ್ನು ಅತ್ತಿಗೆ ಓದಿ ಹೇಳುತ್ತಾಳೆ. ನಿನಗೇಕೆ ಕಷ್ಟ, ನಾನೇ ಮಾಡುತ್ತೇನೆ ಕೊಡು ಎಂಬ ಮಾತು ಮಮತೆಯಿಂದಲೇ ಬರುತ್ತದೆ. ಆದರೆ ಆ ಮಮತೆಯ ಅಡಿಯಲ್ಲಿ ವಯಸ್ಕ ವ್ಯಕ್ತಿಯೊಬ್ಬನಿಗೆ ಇರಬೇಕಾದ ಸ್ವಂತ ಲೆಕ್ಕ, ಸ್ವಂತ ಗೆಳೆತನ, ಸ್ವಂತ ಗುಟ್ಟು ಎಲ್ಲವೂ ಕರಗಿಹೋಗುತ್ತವೆ. ವೈಕಲ್ಯವಿರುವ ಹೆಣ್ಣುಮಕ್ಕಳ ಪಾಲಿಗಂತೂ ಈ ಕಾವಲು ಇನ್ನಷ್ಟು ಬಿಗಿ. ತನ್ನ ಮೇಲೆ ಅನ್ಯಾಯವಾದಾಗ ದೂರು ಹೇಳಲು ಕೈಯಲ್ಲಿರುವ ಒಂದೇ ಸಾಧನವನ್ನು ಅನ್ಯಾಯ ಮಾಡಿದವನೇ ಹಿಡಿದುಕೊಂಡಿದ್ದರೆ ಆಕೆ ಯಾರಲ್ಲಿ ಹೇಳಿಕೊಳ್ಳಬೇಕು?

ವಂಚನೆಗೆ ಸಿಲುಕಿಯಾರು ಎಂಬ ಹೆತ್ತವರ ಭಯ ಸುಳ್ಳಲ್ಲ. ಬುದ್ಧಿಮಾಂದ್ಯವಿರುವವರ ವಿಷಯದಲ್ಲಿ ಆ ಎಚ್ಚರ ಅಗತ್ಯವೂ ಹೌದು. ಆದರೂ ಭಯಕ್ಕೆ ಮದ್ದು ಫೋನನ್ನು ಕಸಿದುಕೊಳ್ಳುವುದಲ್ಲ. ಕಡಿಮೆ ಹಣವಿರುವ ಒಂದು ಪ್ರತ್ಯೇಕ ಖಾತೆಯಿಂದ ಅವರು ತಾವೇ ವ್ಯವಹರಿಸಿ ಕಲಿಯಲಿ. ಸಣ್ಣ ತಪ್ಪುಗಳನ್ನು ಮಾಡುವ ಸ್ವಾತಂತ್ರ್ಯ ನಮಗೆಲ್ಲ ಸಿಕ್ಕಂತೆ ಅವರಿಗೂ ಸಿಗಲಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ' ಎಂಬ ವಿಭಾಗವಿದೆ. ಅಕ್ಷರವನ್ನು ದೊಡ್ಡದಾಗಿಸುವುದು, ಪರದೆಯನ್ನು ಓದಿಸುವುದು, ಮಾತನ್ನು ಅಕ್ಷರವಾಗಿಸುವುದು ಮೊದಲಾದ ಅನುಕೂಲಗಳು ಅನೇಕ ಫೋನುಗಳಲ್ಲಿ ಅಲ್ಲೇ ಸಿಗುತ್ತವೆ. ಬಹಳಷ್ಟು ಮನೆಗಳಲ್ಲಿ ಅದನ್ನು ಯಾರೂ ಒಮ್ಮೆಯೂ ತೆರೆದು ನೋಡಿರುವುದಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ದೃಷ್ಟಿ ಮಂದವಾದವರು, ಕಿವಿ ಕೇಳಿಸದವರು, ಕೈ ನಡುಗುವ ಹಿರಿಯರು ಇದ್ದರೆ, ಒಂದು ಭಾನುವಾರದ ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ಅವರಿಗೆ ಏನು ಬೇಕೆಂದು ಕೇಳಿ ಅದನ್ನು ಹೊಂದಿಸಿಕೊಡಿ. ಕೈಯಿಂದ ಫೋನನ್ನು ತೆಗೆದುಕೊಳ್ಳಬೇಡಿ. ಅವರ ಬೆರಳೇ ಪರದೆಯ ಮೇಲಿರಲಿ. ಪಿನ್ ಒತ್ತುವ ಹೊತ್ತು ಬಂದಾಗ ಮುಖವನ್ನು ಆಚೆ ತಿರುಗಿಸಿಕೊಳ್ಳಿ.